ನೆಲದಡಿಯ ಗೇಟ್ ಮೋಟಾರ್: ಅಳವಡಿಕೆ ಮತ್ತು ವೈರಿಂಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕದ ತಿರುಗಿ ತೆರೆಯುವ ಗೇಟಿಗೆ ನೆಲದಡಿಯಲ್ಲಿ ಮೋಟಾರ್ ಕೂರಿಸಲು ಹೊರಟವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವರಿಗೆ ಅಂಜಿಕೆ ಇರುವುದು ವೈರಿಂಗ್ ಬಗ್ಗೆ. ವೈರನ್ನು ಯಾವಾಗ ಬೇಕಾದರೂ ಬಿಚ್ಚಿ ಕಟ್ಟಬಹುದು. ಕಾಂಕ್ರೀಟಿನಡಿ ಹೋದದ್ದನ್ನು ತಿದ್ದಲು ಸುತ್ತಿಗೆ ಮತ್ತು ಉಳಿ ಹಿಡಿಯಬೇಕು. ಆದ್ದರಿಂದ ಗುಂಡಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದ್ದೇನೆ.

## ಕೊಳ್ಳುವ ಮೊದಲು

ನೆಲದಡಿಯ ಮೋಟಾರ್ ಎಂದರೆ ಅದು ಎಲ್ಲಿರುತ್ತದೆ? ಕದವನ್ನು ಹೇಗೆ ತಿರುಗಿಸುತ್ತದೆ?

ಕಂಬದ ಬುಡದಲ್ಲಿ, ಕದದ ಕೆಳಗಿನ ಕೀಲು ಇರುವ ಜಾಗದಲ್ಲೇ, ಲೋಹದ ಪೆಟ್ಟಿಗೆಯೊಂದನ್ನು ಕಾಂಕ್ರೀಟಿನಲ್ಲಿ ಹೂಳುತ್ತಾರೆ. ಗೇರ್ ಸಹಿತವಾದ ಮೋಟಾರ್ ಅದರೊಳಗೆ ಬೋಲ್ಟುಗಳ ಮೇಲೆ ಕೂರುತ್ತದೆ. ಮೋಟಾರ್ ಒಂದು ಸನ್ನೆಯನ್ನು ತಳ್ಳುತ್ತದೆ, ಸನ್ನೆ ಪೆಟ್ಟಿಗೆಯಿಂದ ಮೇಲೆದ್ದ ದಂಡವನ್ನು ತಿರುಗಿಸುತ್ತದೆ, ಆ ದಂಡಕ್ಕೆ ಹಿಡಿದಿರುವ ಕದವೂ ಜೊತೆಗೇ ತಿರುಗುತ್ತದೆ. ಕೆಳಗಿನ ಕೀಲಿನ ಕೆಲಸವನ್ನು ಪೆಟ್ಟಿಗೆಯೇ ಮಾಡುವುದರಿಂದ ಕಂಬದಲ್ಲಿ ಉಳಿಯುವುದು ಮೇಲಿನ ಕೀಲು ಮಾತ್ರ. ಕದದ ಭಾರವೆಲ್ಲ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಕಂಬಕ್ಕೆ ಬಿಗಿಯುವ ತೋಳಿನ ಮೋಟಾರಿಗಿಂತ ಇದು ಮೇಲೇ?

ನೋಟದಲ್ಲಿ ಮೇಲು, ಅದರಲ್ಲಿ ಅನುಮಾನವಿಲ್ಲ. ಕಂಬ ಅಗಲವಾಗಿದ್ದು ತೋಳಿಗೆ ಸರಿಯಾದ ಕೋನ ಸಿಗದಿದ್ದಾಗ, ಅಥವಾ ಕದ 180 ಡಿಗ್ರಿ ತೆರೆಯಬೇಕಾದಾಗಲೂ ಇದೇ ಅನುಕೂಲ. ಸಾಮಾನ್ಯ ಸನ್ನೆಯಿಂದ ಸುಮಾರು 110 ಡಿಗ್ರಿ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಸರಪಳಿ ಅಥವಾ ಗೇರಿನ ಪ್ರತ್ಯೇಕ ಜೋಡಣೆ ಕೊಳ್ಳಬೇಕು. ಆದರೆ ಮಳೆ ಬಂದಾಗ ನೀರು ನಿಲ್ಲುವ ಜಾಗದಲ್ಲಿ ಗೇಟಿದ್ದು, ಆ ನೀರನ್ನು ಹೊರಹರಿಸಲು ದಾರಿಯೇ ಇಲ್ಲದಿದ್ದರೆ ಈ ಯೋಚನೆಯನ್ನು ಕೈಬಿಟ್ಟು ತೋಳಿನ ಮೋಟಾರನ್ನೇ ಕೊಳ್ಳಿ. ಅಲ್ಲಿ ಅಂದಕ್ಕಿಂತ ಬಾಳಿಕೆ ಮುಖ್ಯ.

ನನ್ನ ಹಳೆಯ ಗೇಟಿಗೇ ಹಾಕಬಹುದೇ?

ಮೊದಲು ಕೈಯಿಂದ ಪರೀಕ್ಷಿಸಿ. ಕದವನ್ನು ಅರ್ಧ ತೆರೆದು ಕೈಬಿಟ್ಟಾಗ ಅದು ನಿಂತಲ್ಲೇ ನಿಲ್ಲಬೇಕು. ತಾನಾಗಿ ಮುಚ್ಚಿಕೊಂಡರೆ ಅಥವಾ ತೆರೆದುಕೊಂಡರೆ ಕೀಲುಗಳು ಒಂದೇ ಲಂಬರೇಖೆಯಲ್ಲಿಲ್ಲ ಎಂದರ್ಥ. ಎರಡನೆಯದಾಗಿ, ಕೆಳಚೌಕಟ್ಟನ್ನು ನೋಡಿ. ಮೋಟಾರಿನ ಬಲವೆಲ್ಲ ಕದಕ್ಕೆ ಸೇರುವುದು ಕೆಳಮೂಲೆಯ ಮೂಲಕ. ಅಲ್ಲಿನ ಕೊಳವೆ ತುಕ್ಕು ತಿಂದಿದ್ದರೆ ಹೊಸ ಕೊಳವೆ ಬೆಸೆಯದೆ ಮುಂದುವರಿಯಬೇಡಿ. ಒಳಗಿನ ನೆಲ ಏರುತ್ತಾ ಹೋಗಿದ್ದರೆ ಒಳಕ್ಕೆ ತೆರೆಯುವ ಕದ ನೆಲಕ್ಕೆ ತಾಗುತ್ತದೆ. ಎತ್ತಿಕೊಂಡು ತಿರುಗುವ ಓರೆ ಕೀಲುಗಳು ಈ ಮೋಟಾರಿಗೆ ಹೊಂದುವುದಿಲ್ಲ.

ಕದ 3 ಮೀಟರ್ ಅಗಲ, 300 ಕಿಲೊ ತೂಕ. ಯಾವ ಮೋಟಾರ್ ಸಾಕು?

ತಯಾರಕರ ಕೋಷ್ಟಕದಲ್ಲಿ ಅಗಲ ಮತ್ತು ತೂಕ ಎರಡನ್ನೂ ಒಟ್ಟಿಗೆ ನೋಡಬೇಕು. ಅಗಲ ಹೆಚ್ಚಿದಂತೆ ಹೊರಬಲ್ಲ ತೂಕ ಇಳಿಯುತ್ತದೆ. ಆ ಕೋಷ್ಟಕ ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿ ಗಾಳಿ. ಸರಳುಗಳ ಗೇಟಿನಲ್ಲಿ ಗಾಳಿ ಹಾದುಹೋಗುತ್ತದೆ, ತಗಡು ಮುಚ್ಚಿದ ಕದ ಹಾಯಿಯಂತೆ ಗಾಳಿಯನ್ನು ತಡೆದು ಹಿಡಿಯುತ್ತದೆ. 3 ಮೀಟರ್ ಅಗಲ, 1.8 ಮೀಟರ್ ಎತ್ತರದ ಮುಚ್ಚು ಕದಕ್ಕೆ ಗಂಟೆಗೆ 54 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಸುಮಾರು 730 ನ್ಯೂಟನ್ ಬಲ ಬೀಳುತ್ತದೆ. ಅದು ಕದದ ನಡುವೆ, ಕೀಲಿನಿಂದ ಒಂದೂವರೆ ಮೀಟರ್ ದೂರದಲ್ಲಿ ಕೆಲಸ ಮಾಡುವುದರಿಂದ ದಂಡದ ಮೇಲಿನ ತಿರುಚುಬಲ ಸುಮಾರು 1,100 ನ್ಯೂಟನ್ ಮೀಟರ್. ಮನೆಬಳಕೆಯ ಮೋಟಾರುಗಳ ಬಲ ಇರುವುದು ಕೆಲವು ನೂರು ನ್ಯೂಟನ್ ಮೀಟರ್ ಮಾತ್ರ. ಇಂಥ ಕದಕ್ಕೆ ದೊಡ್ಡ ಮೋಟಾರಿಗಿಂತ ಮೊದಲು ಬೇಕಾದದ್ದು ತಗಡಿನಲ್ಲಿ ಗಾಳಿಗೆ ದಾರಿ ಮತ್ತು ಮುಚ್ಚಿದಾಗ ಹಿಡಿದಿಡುವ ವಿದ್ಯುತ್ ಬೀಗ.

24 ವೋಲ್ಟಿನದೋ, 230 ವೋಲ್ಟಿನದೋ?

ನನ್ನ ಆಯ್ಕೆ 24 ವೋಲ್ಟ್. ಬ್ಯಾಟರಿಯಿಂದ ಓಡುತ್ತದೆ, ಕೊನೆಯಲ್ಲಿ ವೇಗ ತಗ್ಗಿಸುವುದು ಸುಲಭ, ಅಡ್ಡಿ ಬಂದಾಗ ವಿದ್ಯುತ್ ಪ್ರವಾಹದ ಏರಿಕೆಯಿಂದಲೇ ಮೋಟಾರನ್ನು ನಡೆಸುವ ಕಂಟ್ರೋಲ್ ಬೋರ್ಡಿಗೆ ಗೊತ್ತಾಗುತ್ತದೆ, ಮೇಲಾಗಿ ನೀರಿನ ಭಯವಿರುವ ಗುಂಡಿಗೆ ಮನೆಯ ವೋಲ್ಟೇಜ್ ಇಳಿಯುವುದಿಲ್ಲ. 230 ವೋಲ್ಟಿನ ಮೋಟಾರಿಗೆ ದೂರದ ವೈರ್ ಸಮಸ್ಯೆಯಲ್ಲ. ಆದರೆ ಬಿಡುವಿಲ್ಲದೆ ತೆರೆದು ಮುಚ್ಚಿದರೆ ಬಿಸಿಯಾಗಿ ಒಳಗಿನ ಉಷ್ಣ ರಕ್ಷಕ ಅದನ್ನು ನಿಲ್ಲಿಸುತ್ತದೆ, ತಣ್ಣಗಾಗುವವರೆಗೆ ಕಾಯಬೇಕು.

## ಗುಂಡಿ, ಪೆಟ್ಟಿಗೆ, ನೀರು

ಗುಂಡಿ ಎಷ್ಟು ಆಳ ತೋಡಬೇಕು?

ಪೆಟ್ಟಿಗೆಯ ಎತ್ತರಕ್ಕೆ ತಳದ ಕಾಂಕ್ರೀಟ್ ಮತ್ತು ಅದರ ಕೆಳಗಿನ ಜಲ್ಲಿಯ ಹಾಸನ್ನು ಸೇರಿಸಿ ಲೆಕ್ಕ ಹಾಕಿ. ಪೆಟ್ಟಿಗೆಯ ಅಳತೆ ಮಾದರಿಯಿಂದ ಮಾದರಿಗೆ ಬೇರೆ, ಆದ್ದರಿಂದ ಪೆಟ್ಟಿಗೆ ಕೈಗೆ ಬರುವವರೆಗೆ ಗುದ್ದಲಿ ಎತ್ತಬೇಡಿ. ಅಳೆಯುವಾಗ ಇಂದಿನ ಮಣ್ಣಿನ ಮಟ್ಟ ಹಿಡಿಯಬಾರದು. ಮುಂದೆ ಅಲ್ಲಿ ಕಲ್ಲು ಅಥವಾ ಟೈಲ್ಸ್ ಹಾಸಿದ ಮೇಲೆ ನೆಲ ಎಲ್ಲಿಗೆ ಬರುತ್ತದೆಯೋ ಆ ಮಟ್ಟ ಹಿಡಿಯಬೇಕು. ಮುಚ್ಚಳ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಒಳ್ಳೆಯದು. ತಗ್ಗಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ.

ಮೋಟಾರ್ ಮೇಲೆ ಐಪಿ67 ಎಂದು ಬರೆದಿದೆ. ಹಾಗಿದ್ದರೂ ನೀರಿಗೆ ಯಾಕೆ ಹೆದರಬೇಕು?

ಐಪಿ67 ಎಂಬುದು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುವ ಪರೀಕ್ಷೆ. ಮಳೆಗಾಲವಿಡೀ ಮುಳುಗಿರಲು ಅದು ಪರವಾನಗಿ ಅಲ್ಲ. ಮೋಟಾರಿನ ಕವಚ ಗಟ್ಟಿಯಿದ್ದರೂ ಸನ್ನೆ, ಬೇರಿಂಗ್, ಕರೆಂಟ್ ಇಲ್ಲದಾಗ ಕದವನ್ನು ಮೋಟಾರಿನಿಂದ ಬಿಡಿಸುವ ಕೀಲಿಯ ಭಾಗ ಇವೆಲ್ಲ ಬಯಲಲ್ಲೇ ಇರುತ್ತವೆ. ನೀರಿನ ಜೊತೆ ಬರುವ ಕೆಸರು ಅಲ್ಲಿ ಗ್ರೀಸಿನೊಂದಿಗೆ ಬೆರೆತು ಉಜ್ಜುಪುಡಿಯಂತೆ ಲೋಹವನ್ನು ತಿನ್ನುತ್ತದೆ. ಮೋಟಾರಿನಿಂದ ಹೊರಬರುವ ಕೇಬಲ್ಲಿನ ಬಾಯಿಯ ರಬ್ಬರ್ ಒಮ್ಮೆ ಸಡಿಲವಾಯಿತೆಂದರೆ ನೀರು ಒಳಕ್ಕೆ ನುಗ್ಗಲು ಅಷ್ಟೇ ಸಾಕು.

ಪರಿಹಾರ ಒಂದೇ: ಪೆಟ್ಟಿಗೆಯ ತಳದಿಂದ ನೀರು ತಾನಾಗಿ ಹರಿದು ಹೋಗಬೇಕು. ಪೆಟ್ಟಿಗೆಯ ತಳದ ತೂತಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಪಿವಿಸಿ ಪೈಪ್ ಜೋಡಿಸಿ, ಇಳಿಜಾರಾಗಿ ಒಯ್ದು ಚರಂಡಿಗೆ ಬಿಡಿ. ಪೈಪಿನ ಹೊರಬಾಯಿ ಪೆಟ್ಟಿಗೆಯ ತಳಕ್ಕಿಂತ ಕೆಳಗಿರಲೇಬೇಕು, ಇಲ್ಲದಿದ್ದರೆ ಚರಂಡಿಯ ನೀರೇ ಹಿಮ್ಮುಖವಾಗಿ ಬರುತ್ತದೆ. ಹತ್ತಿರ ಚರಂಡಿ ಇಲ್ಲದಿದ್ದರೆ ಪಕ್ಕದಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ ಮಾಡಬಹುದು, ಮಣ್ಣು ನೀರು ಕುಡಿಯುವಂಥದ್ದಾದರೆ ಮಾತ್ರ. ತೋಡಿದ ಗುಂಡಿಗೆ ಒಂದು ಕೊಡ ನೀರು ಸುರಿದು ಬಿಡಿ. ಒಂದು ಗಂಟೆಯ ನಂತರವೂ ನಿಂತಿದ್ದರೆ ಜೇಡಿಮಣ್ಣಿನ ನೆಲ, ಇಂಗುಗುಂಡಿಯನ್ನು ನಂಬಬೇಡಿ. ಕಾಂಕ್ರೀಟ್ ಹಾಕಿದ ಮೇಲೆ, ಮೋಟಾರ್ ಇಳಿಸುವ ಮೊದಲು, ಪೆಟ್ಟಿಗೆಗೇ ನೀರು ಸುರಿದು ಇನ್ನೊಂದು ತುದಿಯಲ್ಲಿ ಹೊರಬರುವುದನ್ನು ಕಣ್ಣಾರೆ ನೋಡಿ. ಪೈಪಿನೊಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿರುವುದು ಅಪರೂಪವೇನಲ್ಲ.

ಪೆಟ್ಟಿಗೆ ನೇರವಾಗಿದೆ ಎಂದು ಹೇಗೆ ತಿಳಿಯುವುದು?

ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪೆಟ್ಟಿಗೆಯ ಬಾಯಿ ಮಟ್ಟವಾಗಿದೆಯೇ ಎಂಬುದಕ್ಕೆ ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ದಂಡ ಸರಿಯಾದ ಜಾಗದಲ್ಲಿದೆಯೇ ಎಂಬುದಕ್ಕೆ ಮೇಲಿನ ಕೀಲಿನ ನಡುಬಿಂದುವಿನಿಂದ ತೂಗುಗುಂಡು ಬಿಡಿ. ಅದರ ಮೊನೆ ಪೆಟ್ಟಿಗೆಯ ದಂಡದ ನಡುವಿಗೇ ಬರಬೇಕು. ಒಂದನ್ನು ಮಾತ್ರ ನೋಡಿ ಸುಮ್ಮನಾಗುವವರೇ ಹೆಚ್ಚು. ಕಾಂಕ್ರೀಟ್ ಸುರಿಯುವಾಗ ಅದರ ಒತ್ತಡಕ್ಕೆ ಪೆಟ್ಟಿಗೆ ತೇಲುತ್ತದೆ, ಓರೆಯಾಗುತ್ತದೆ. ಕಂಬಿಗಳಿಗೆ ಕಟ್ಟಿ, ಮೇಲೆ ಭಾರ ಹೇರಿ, ಅರ್ಧ ಸುರಿದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗುಗುಂಡು ಬಿಡಿ. ಹಸಿಯಿರುವಾಗ ಕೈಯಿಂದ ತಳ್ಳಿ ಸರಿಪಡಿಸಬಹುದಾದದ್ದು ಮರುದಿನ ಯಾರ ಕೈಯಲ್ಲೂ ಆಗದು.

ಕಾಂಕ್ರೀಟ್ ಹಾಕಿದ ಎಷ್ಟು ದಿನಕ್ಕೆ ಕದ ಏರಿಸಬಹುದು?

ಕನಿಷ್ಠ ಒಂದು ವಾರ ನೀರುಣಿಸಿ ಬಿಡಿ. ಭಾರದ ಕದವಾದರೆ ಇನ್ನೂ ತಡೆಯಿರಿ. ಕಾಂಕ್ರೀಟ್ ತನ್ನ ಲೆಕ್ಕದ ಬಲಕ್ಕೆ ಬರುವುದು 28 ದಿನಕ್ಕೆ.

ಕದವನ್ನು ದಂಡಕ್ಕೆ ಹಿಡಿಸುವ ಪಟ್ಟಿ ವೆಲ್ಡಿಂಗ್ ಮಾಡುವಾಗ ಎಚ್ಚರಿಕೆ ಏನು?

ಮೋಟಾರ್ ಮತ್ತು ಬೋರ್ಡಿನ ವೈರುಗಳನ್ನು ಬಿಚ್ಚಿಡಿ. ವೆಲ್ಡಿಂಗ್ ಯಂತ್ರದ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ದೂರದಲ್ಲಿ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ಗುಂಡುಗಳನ್ನು ಸುಡುತ್ತದೆ.

ಮೋಟಾರಿಗೇ ನಿಲ್ಲಲು ಗೊತ್ತಲ್ಲ, ನೆಲದಲ್ಲಿ ನಿಲುಗಡೆ ಯಾಕೆ?

ಅನೇಕ ಬೋರ್ಡುಗಳು ಕದ ಗಟ್ಟಿಯಾದ ಯಾವುದಕ್ಕೋ ತಾಗಿದಾಗಲೇ ಕೊನೆ ಮುಟ್ಟಿತೆಂದು ಅರಿಯುತ್ತವೆ. ತಾಗಲು ಏನೂ ಇಲ್ಲದಿದ್ದರೆ ಸನ್ನೆಯೇ ತನ್ನ ಕೊನೆಯಲ್ಲಿ ಬಡಿದುಕೊಂಡು ಗೇರಿನ ಹಲ್ಲು ಸವೆಯುತ್ತದೆ. ಮುಚ್ಚುವ ತುದಿಗೂ ತೆರೆಯುವ ತುದಿಗೂ ನಿಲುಗಡೆ ಇರಲಿ. ಕೆಲವು ಪೆಟ್ಟಿಗೆಗಳ ಒಳಗೇ ತಿರುಗಿಸಿ ಹೊಂದಿಸುವ ಬೋಲ್ಟುಗಳಿರುತ್ತವೆ. ಅಗಲ ಕದಗಳಿಗೆ ಅದರ ಜೊತೆ ನೆಲದ ನಿಲುಗಡೆಯೂ ಬೇಕು.

## ವೈರಿಂಗ್

ಎಷ್ಟು ಪೈಪ್ ಹೂಳಬೇಕು?

ಮೋಟಾರಿನ ವೈರಿಗೆ ಒಂದು, ಫೋಟೊಸೆಲ್ (ದಾರಿಗೆ ಅಡ್ಡ ಬಂದದ್ದನ್ನು ಕಿರಣದಿಂದ ಗುರುತಿಸುವ ಕಣ್ಣು), ಬಟನ್, ಆಂಟೆನಾ ಮುಂತಾದ ಸಣ್ಣ ವೋಲ್ಟೇಜಿನ ವೈರುಗಳಿಗೆ ಇನ್ನೊಂದು, ಖಾಲಿ ಬಿಡಲು ಮತ್ತೊಂದು. ಎರಡು ಕದದ ಗೇಟಾದರೆ ದಾರಿಯ ಅಡಿಯಿಂದ ಎದುರು ಕಂಬಕ್ಕೂ ಹೀಗೆಯೇ. ಖಾಲಿ ಪೈಪ್ ವ್ಯರ್ಥ ಎನಿಸಬಹುದು, ಮುಂದೆ ಕ್ಯಾಮೆರಾ ಅಥವಾ ದೀಪ ಬೇಕೆನಿಸಿದ ದಿನ ಅದರ ಬೆಲೆ ತಿಳಿಯುತ್ತದೆ. ಎಲ್ಲ ಪೈಪುಗಳಲ್ಲೂ ಎಳೆಯುವ ದಾರ ಬಿಟ್ಟಿರಿ. ಕೆಲಸ ಮುಗಿದ ಮೇಲೆ ಬಾಯಿಗಳನ್ನು ಫೋಮ್ ಹಾಕಿ ಮುಚ್ಚಿ. ಇರುವೆಗೂ ಹಲ್ಲಿಗೂ ಬೆಚ್ಚಗಿನ ಕಂಟ್ರೋಲ್ ಬೋರ್ಡ್ ಬಹಳ ಇಷ್ಟ.

ಬೋರ್ಡಿನಿಂದ ಮೋಟಾರಿಗೆ 20 ಮೀಟರ್ ದೂರ. 1.5 ಚದರ ಮಿ.ಮೀ. ವೈರ್ ಸಾಲದೇ?

230 ವೋಲ್ಟಿನ ಮೋಟಾರಿಗೆ ಸಾಕು. 24 ವೋಲ್ಟಿಗೆ ಸಾಲದು. ಹೋಗಿ ಬರುವ ದಾರಿ ಸೇರಿ 40 ಮೀಟರ್ ತಾಮ್ರದ 1.5 ಚದರ ಮಿ.ಮೀ. ವೈರಿನ ರೋಧ ಸುಮಾರು 0.46 ಓಮ್. ಹೊರಡುವ ಕ್ಷಣದಲ್ಲಿ ಮೋಟಾರ್ 10 ಆಂಪಿಯರ್ ಎಳೆದರೆ ವೈರಿನಲ್ಲೇ 4.6 ವೋಲ್ಟ್ ಕಳೆದುಹೋಗುತ್ತದೆ. 24ರಲ್ಲಿ ಉಳಿಯುವುದು 19 ಚಿಲ್ಲರೆ. ಕದ ಏದುಸಿರು ಬಿಡುತ್ತಾ ಹೊರಡುತ್ತದೆ, ಬೋರ್ಡ್ ಅದನ್ನು ಅಡ್ಡಿ ಎಂದು ತಪ್ಪು ತಿಳಿಯಲೂಬಹುದು. 4 ಚದರ ಮಿ.ಮೀ. ವೈರಿನಲ್ಲಿ ಅದೇ ನಷ್ಟ 1.7 ವೋಲ್ಟಿಗೆ ಇಳಿಯುತ್ತದೆ. ಬೋರ್ಡನ್ನೇ ಗೇಟಿನ ಹತ್ತಿರ ತರಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮೋಟಾರಿನಿಂದ ನಾಲ್ಕು ವೈರ್ ಬಂದಿವೆ. ಯಾವುದು ಯಾವುದೆಂದು ಹೇಗೆ ಗುರುತಿಸುವುದು?

230 ವೋಲ್ಟಿನ ಮೋಟಾರಿನಲ್ಲಿ ಹಸಿರು ಮತ್ತು ಹಳದಿ ಗೆರೆಯದು ಅರ್ತ್. ಉಳಿದ ಮೂರರಲ್ಲಿ ಒಂದು ಸಾಮಾನ್ಯ ವೈರ್, ಒಂದು ತೆರೆಯಲು, ಒಂದು ಮುಚ್ಚಲು. ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿ ಕಳೆದುಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಕರೆಂಟ್ ತೆಗೆದು, ಮೋಟಾರ್ ಹೊರಡಲು ನೆರವಾಗುವ ಕೆಪಾಸಿಟರ್ ಬಿಚ್ಚಿ, ಎರಡೆರಡು ವೈರುಗಳ ನಡುವಿನ ರೋಧ ಅಳೆಯಿರಿ. ಯಾವ ಜೋಡಿಯ ರೋಧ ಅತಿ ಹೆಚ್ಚೋ, ಅಂದರೆ ಉಳಿದೆರಡರ ಮೊತ್ತದಷ್ಟೋ, ಅವು ತೆರೆಯುವ ಮತ್ತು ಮುಚ್ಚುವ ವೈರುಗಳು, ಹೊರಗುಳಿದದ್ದು ಸಾಮಾನ್ಯ. ಕೆಪಾಸಿಟರ್ ಬರುವುದು ಆ ಎರಡರ ನಡುವೆ. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಬರಿಗೈಯಿಂದ ಮುಟ್ಟಬೇಡಿ. 24 ವೋಲ್ಟಿನದರಲ್ಲಿ ಇರುವುದು ಎರಡೇ ದಪ್ಪ ವೈರ್. ಜೊತೆಗೆ ಸಣ್ಣವು ಬಂದಿದ್ದರೆ ಅವು ಮೋಟಾರಿನ ಸುತ್ತು ಎಣಿಸುವ ಎನ್‌ಕೋಡರಿನವು. ಅವನ್ನು ಮೋಟಾರಿನ ಟರ್ಮಿನಲ್ಲಿಗೆ ಸಿಕ್ಕಿಸಿದರೆ ಎನ್‌ಕೋಡರ್ ಸುಟ್ಟುಹೋಗುತ್ತದೆ.

ಕೇಬಲ್ ಗಿಡ್ಡವಾಯಿತು. ಪೆಟ್ಟಿಗೆಯೊಳಗೆ ಜಾಯಿಂಟ್ ಮಾಡಬಹುದೇ?

ಬೇಡ. ಕೇಬಲನ್ನು ಕಂಬದವರೆಗೆ ಎಳೆದು ಅಲ್ಲಿ, ನೆಲದಿಂದ ಮೇಲಿರುವ ಜಂಕ್ಷನ್ ಬಾಕ್ಸಿನಲ್ಲಿ ಸೇರಿಸಿ. ಬೇರೆ ದಾರಿಯೇ ಇಲ್ಲವೆಂದಾದರೆ ರಾಳ ಸುರಿದು ಮುಚ್ಚುವ ಜಾಯಿಂಟ್ ಕಿಟ್ ಬಳಸಿ. ಟೇಪ್ ಎಷ್ಟು ಸುತ್ತು ಸುತ್ತಿದರೂ ಅದು ಮುಂದಿನ ಮಳೆಯವರೆಗೆ ಮಾತ್ರ.

ಬೋರ್ಡಿನ ಮೇಲಿನ ಎನ್‌ಸಿ, ಎನ್‌ಒ ಎಂದರೇನು?

ಎನ್‌ಸಿ ಎಂದರೆ ಸಹಜ ಸ್ಥಿತಿಯಲ್ಲಿ ಕೂಡಿರುವ ಸಂಪರ್ಕ, ಎನ್‌ಒ ಎಂದರೆ ಸಹಜ ಸ್ಥಿತಿಯಲ್ಲಿ ಬಿಟ್ಟಿರುವ ಸಂಪರ್ಕ. ಆಜ್ಞೆ ಕೊಡುವ ಬಟನ್‌ಗಳು ಎನ್‌ಒ. ನಿಲ್ಲಿಸುವ ಬಟನ್ ಮತ್ತು ಫೋಟೊಸೆಲ್ ಎನ್‌ಸಿ, ಯಾಕೆಂದರೆ ವೈರ್ ತುಂಡಾದರೂ ಗೇಟು ನಿಲ್ಲಬೇಕು. ಒಂದಕ್ಕಿಂತ ಹೆಚ್ಚು ಎನ್‌ಸಿ ಸಾಧನಗಳಿದ್ದರೆ ಸರಣಿಯಲ್ಲಿ, ಎನ್‌ಒ ಆದರೆ ಸಮಾಂತರವಾಗಿ ಜೋಡಿಸಿ. ಬಳಸದ ಎನ್‌ಸಿ ಟರ್ಮಿನಲ್ಲಿಗೆ ತುಂಡು ವೈರಿನ ಸೇತುವೆ ಹಾಕಬೇಕು ಅಥವಾ ಬೋರ್ಡಿನ ಸ್ವಿಚ್ಚಿನಲ್ಲಿ ಅದನ್ನು ಕೈಬಿಡಬೇಕು.

ಮನೆಯಿಂದ ಬೋರ್ಡಿಗೆ ಬರುವ ಲೈನಿಗೆ ಏನೇನು ಬೇಕು?

ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿಮೀರಿದಾಗ ಲೈನ್ ಕಡಿಯುವ ಸ್ವಿಚ್), ಕರೆಂಟು ಸೋರಿದಾಗ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್, ಸರಿಯಾದ ಅರ್ತಿಂಗ್. ಪೆಟ್ಟಿಗೆ ಮತ್ತು ಲೋಹದ ಗೇಟು ಕೂಡ ಅರ್ತ್ ಆಗಿರಲಿ. ಈ ಭಾಗವನ್ನು ಪರವಾನಗಿ ಇರುವ ವಿದ್ಯುತ್ ಕೆಲಸಗಾರರಿಗೇ ಬಿಡಿ. ಉಳಿದ ಕೆಲಸದಲ್ಲಿ ತಪ್ಪಿದರೆ ಕೆಡುವುದು ಗೇಟು, ಇದರಲ್ಲಿ ತಪ್ಪಿದರೆ ಹೋಗುವುದು ಜೀವ.

## ಮೊದಲ ಓಟ ಮತ್ತು ಹೊಂದಾಣಿಕೆ

ತೆರೆ ಎಂದರೆ ಮುಚ್ಚುತ್ತದೆ. ಯಾವ ವೈರ್ ಬದಲಿಸಬೇಕು?

24 ವೋಲ್ಟಿನದಾದರೆ ಎರಡು ಮೋಟಾರ್ ವೈರುಗಳನ್ನು ಅದಲುಬದಲು ಮಾಡಿ. 230 ವೋಲ್ಟಿನದಾದರೆ ತೆರೆಯುವ ಮತ್ತು ಮುಚ್ಚುವ ವೈರುಗಳನ್ನು ಮಾತ್ರ. ಸಾಮಾನ್ಯ ವೈರನ್ನು ಮುಟ್ಟಬೇಡಿ. ಮೊದಲ ಸಲ ಓಡಿಸುವಾಗ ಕದವನ್ನು ಅರ್ಧ ತೆರೆದಿಟ್ಟಿರಿ, ಉಲ್ಟಾ ತಿರುಗಿದರೂ ನಿಲ್ಲಿಸಲು ಸಮಯ ಸಿಗುತ್ತದೆ. ದಿಕ್ಕು ಸರಿಯಾದ ಮೇಲೆಯೇ ಬೋರ್ಡಿಗೆ ಕದದ ಓಟವನ್ನು ಕಲಿಸಿ.

ಎರಡು ಕದಗಳಲ್ಲಿ ಯಾವುದು ಮೊದಲು ತೆರೆಯಬೇಕು?

ನಡುವಿನ ಪಟ್ಟಿ ಯಾವ ಕದ ಇನ್ನೊಂದರ ಮೇಲೆ ಒರಗುವಂತೆ ಮಾಡಿದೆಯೋ ಆ ಕದ ಮೊದಲು ತೆರೆದು ಕೊನೆಗೆ ಮುಚ್ಚಬೇಕು. ಅದನ್ನು ಮೋಟಾರ್ 1 ಎನ್ನಬೇಕೋ 2 ಎನ್ನಬೇಕೋ ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೈಪಿಡಿಯ ಚಿತ್ರ ನೋಡಿ. ಎರಡರ ನಡುವೆ ಕೆಲವು ಸೆಕೆಂಡು ಅಂತರ ಕೊಡಿ.

ಬಲವನ್ನು ಎಷ್ಟಕ್ಕೆ ಇಡಬೇಕು?

ಕದ ನಿರಾತಂಕವಾಗಿ ಓಡುವ ಅತಿ ಕಡಿಮೆ ಮಟ್ಟಕ್ಕೆ. ಯುರೋಪಿನ ಇಎನ್ 12453 ಮಾನದಂಡದ ಪ್ರಕಾರ, ಮುಚ್ಚುವ ಕದ ಮತ್ತು ಎದುರಿನ ಗಟ್ಟಿ ವಸ್ತುವಿನ ನಡುವೆ 50ರಿಂದ 500 ಮಿ.ಮೀ. ಸಂದಿಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ಬಡಿತದ ಬಲ 400 ನ್ಯೂಟನ್ ಮೀರಬಾರದು, 0.75 ಸೆಕೆಂಡಿನೊಳಗೆ ಅದು 150ಕ್ಕಿಂತ ಕೆಳಗಿಳಿಯಬೇಕು. ಇದನ್ನು ಅಳೆಯಲು ವಿಶೇಷ ಉಪಕರಣ ಬೇಕು, ಅಂದಾಜು ನಡೆಯದು. ಕದದ ಅಂಚಿಗೆ ರಬ್ಬರಿನ ಸುರಕ್ಷತಾ ಪಟ್ಟಿ ಹಾಕಿದರೆ ಈ ಮಿತಿಯೊಳಗೆ ಬರುವುದು ಸುಲಭ. ಕೀಲಿನ ಕಡೆಯ ಸಂದಿಯನ್ನೂ ಮರೆಯಬೇಡಿ. ಎಲ್ಲರ ಕಣ್ಣು ನಡುವಿನ ಮೇಲಿರುತ್ತದೆ, ಮಕ್ಕಳ ಬೆರಳು ಕಂಬದ ಪಕ್ಕದಲ್ಲಿರುತ್ತದೆ.

ಎರಡು ಜೊತೆ ಫೋಟೊಸೆಲ್ ಹಾಕಿದೆ, ಒಂದು ಕೆಲಸ ಮಾಡುತ್ತಿಲ್ಲ. ಯಾಕೆ?

ಒಂದರ ಕಿರಣ ಇನ್ನೊಂದರ ಕಣ್ಣಿಗೆ ಬೀಳುತ್ತಿರಬೇಕು. ಎರಡೂ ಜೊತೆಗಳ ಕಳುಹಿಸುವ ಭಾಗಗಳನ್ನು ಒಂದೇ ಬದಿಗೆ ಹಾಕದೆ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಬೆಳಗಿನ ಅಥವಾ ಸಂಜೆಯ ಬಿಸಿಲು ನೇರವಾಗಿ ಬೀಳುವ ಕಡೆ ಸ್ವೀಕರಿಸುವ ಭಾಗ ಇರದಂತೆ ನೋಡಿಕೊಳ್ಳಿ.

## ತೊಂದರೆ ಬಂದಾಗ

ಮೋಟಾರ್ ಗುಂಯ್‌ಗುಡುತ್ತದೆ, ಕದ ಅಲುಗುವುದಿಲ್ಲ.

ಮೊದಲು ಕೀಲಿ ಹಾಕಿ ಮೋಟಾರನ್ನು ಬಿಡಿಸಿ ಕದವನ್ನು ಕೈಯಿಂದ ತಳ್ಳಿ. ಕದವೇ ಬಿಗಿಯಾಗಿದ್ದರೆ ದೋಷ ಕೀಲಿನದು ಅಥವಾ ಬಿಡಿಸಿಕೊಳ್ಳದ ವಿದ್ಯುತ್ ಬೀಗದ್ದು. ಹಗುರವಾಗಿ ತಿರುಗಿದರೆ, 230 ವೋಲ್ಟಿನ ಮೋಟಾರಿನಲ್ಲಿ ಮೊದಲ ಸಂಶಯ ಕೆಪಾಸಿಟರಿನ ಮೇಲೆ. ಅದೇ ಮೌಲ್ಯದ್ದನ್ನು ಬದಲಿಸಿ ನೋಡಿ.

ತೆರೆಯುತ್ತದೆ, ಆದರೆ ಮುಚ್ಚುವುದೇ ಇಲ್ಲ.

ಹತ್ತರಲ್ಲಿ ಒಂಬತ್ತು ಸಲ ಫೋಟೊಸೆಲ್. ಗಾಜಿನ ಮೇಲೆ ಜೇಡರ ಬಲೆ, ಎದುರು ಬೆಳೆದ ಹುಲ್ಲು, ಯಾರೋ ತಾಗಿಸಿ ಓರೆಯಾದ ಕಣ್ಣು ಇವನ್ನು ನೋಡಿದ ಮೇಲೆ ಬೋರ್ಡ್ ತೆರೆಯಿರಿ.

ಮುಚ್ಚಲು ಒಂದು ಗೇಣು ಇರುವಾಗ ಹಿಂದೆ ತಿರುಗುತ್ತದೆ.

ಬೋರ್ಡಿಗೆ ಅಲ್ಲಿ ಅಡ್ಡಿ ಕಾಣುತ್ತಿದೆ. ನಿಲುಗಡೆಯಲ್ಲಿ ಸಿಕ್ಕಿದ ಕಲ್ಲು, ಜೋತುಬಿದ್ದು ನೆಲ ಉಜ್ಜುವ ಕದ, ಒಂದರ ಮೇಲೊಂದು ಬಡಿಯುವ ನಡುಪಟ್ಟಿ, ಗಾಳಿ ಇವುಗಳಲ್ಲಿ ಒಂದು ಕಾರಣ. ಇಂಥ ಹೊತ್ತಿನಲ್ಲಿ ಬಲ ಏರಿಸಿ ಕೈತೊಳೆದುಕೊಳ್ಳುವ ರೂಢಿ ಇದೆ. ಅದರಿಂದ ಕದ ಮುಚ್ಚಿಕೊಳ್ಳುತ್ತದೆ, ಅಡ್ಡಬಂದ ಮಗುವನ್ನೂ ತಳ್ಳಿಕೊಂಡು.

ಕರೆಂಟ್ ಹೋದರೆ?

ಗೇರು ಹಿಮ್ಮುಖವಾಗಿ ತಿರುಗದ ಬಗೆಯದಾದರೆ ಕದ ನಿಂತಲ್ಲೇ ಬೀಗ ಹಾಕಿದಂತಿರುತ್ತದೆ, ಕೀಲಿಯಿಂದ ಬಿಡಿಸಬೇಕು. ಆ ಕೀಲಿ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ, ಇನ್ನೊಂದು ಕೀಲಿ ಗೇಟಿನ ಹೊರಗೆ ಸಿಗುವಂತಿರಲಿ. ಒಳಹೋಗಲು ಬೇರೆ ಬಾಗಿಲು ಇಲ್ಲದವರು 24 ವೋಲ್ಟಿನ ಬೋರ್ಡಿಗೆ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿಕೊಳ್ಳಬೇಕು.

ರಿಮೋಟ್ ಗೇಟಿನ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ.

ರಿಮೋಟಿನ ಬ್ಯಾಟರಿ ಬದಲಿಸಿದ ಮೇಲೂ ಹಾಗೆಯೇ ಇದ್ದರೆ ಆಂಟೆನಾ ನೋಡಿ. 433.92 ಮೆಗಾಹರ್ಟ್ಸ್ ರಿಮೋಟಿಗೆ ಸುಮಾರು 17 ಸೆಂ.ಮೀ. ನೇರ ತಂತಿ ಬೇಕು. ಅದನ್ನು ಸುರುಳಿ ಸುತ್ತಿ ಲೋಹದ ಪೆಟ್ಟಿಗೆಯೊಳಗೆ ತುರುಕಿದ್ದರೆ ಹೊರಗೆ ತೆಗೆದು ನೇರಮಾಡಿ.

ವರ್ಷಕ್ಕೆ ಎಷ್ಟು ಸಲ ಸರ್ವಿಸ್ ಮಾಡಬೇಕು?

ಎರಡು ಸಲ, ಅದರಲ್ಲಿ ಒಂದು ಮಳೆಗಾಲಕ್ಕೆ ಮುಂಚೆ. ಮುಚ್ಚಳ ತೆಗೆದು ಕೆಸರು, ಎಲೆ ತೆಗೆಯಿರಿ, ಕೊಡ ನೀರು ಸುರಿದು ಹರಿವು ನೋಡಿ, ದಂಡದ ಬೇರಿಂಗಿಗೆ ಗ್ರೀಸ್ ತುಂಬಿ, ಬೋಲ್ಟ್ ಬಿಗಿಮಾಡಿ. ಬಿಡಿಸುವ ಕೀಲಿಯನ್ನು ತಿರುಗಿಸಿ ನೋಡಿ, ವರ್ಷಗಟ್ಟಲೆ ಮುಟ್ಟದಿದ್ದರೆ ಅದೂ ತುಕ್ಕು ಹಿಡಿಯುತ್ತದೆ. ಫೋಟೊಸೆಲ್ ಮುಂದೆ ಕೋಲು ಹಿಡಿದು, ಮುಚ್ಚುತ್ತಿರುವ ಕದ ಹಿಂದೆ ಸರಿಯುವುದನ್ನು ಖಾತ್ರಿ ಮಾಡಿಕೊಳ್ಳಿ.